ಎಡಚನ ಚೆಂಡಿಗೆ ನಾನೇ ಸಾಕ್ಷಿ

ನಮ್ಮ ಎಡಚನ ಮಡದಿ ದೊನ್ಯಾ ಎನೇಯ್ದಾ ಅವರೇ, ಮಗಳು ಯೊಸೆಲಿನ್, ಕೀರ್ತಿಮಂದಿರ ಸಮಿತಿಯ ಅಧ್ಯಕ್ಷರಾದ ದೋನ್ ತೆಯೊದುಲೊ ಅವರೇ, ಎಡಚ ತೀರಿಕೊಂಡ ಮೇಲೆ ಒಂಬತ್ತು ದಿನವೂ ತಪ್ಪದೆ ಪ್ರಾರ್ಥನೆಗೆ ಬಂದ ನೆರೆಹೊರೆಯವರೇ, ಅಂಗಳದಲ್ಲಿ ಡಾಮಿನೊ ಆಟವನ್ನು ಅರ್ಧಕ್ಕೆ ಬಿಟ್ಟು ಒಳಗೆ ಬಂದ ನನ್ನ ತಂಡದ ಮುದುಕರೇ — ಎಲ್ಲರಿಗೂ ನಮಸ್ಕಾರ.

ನಾನು ಭಾಷಣ ಮಾಡುವವನಲ್ಲ. ನಾನು ಬೇಸ್‌ಬಾಲ್ ಕ್ಯಾಚರ್. ಹದಿನಾಲ್ಕು ವರ್ಷ ದಾಂಡಿಗನ ಹಿಂದೆ ಕುಕ್ಕರುಗಾಲಲ್ಲಿ ಕೂತು, ಲೆಯೊಕಾದಿಯೊ ಮನ್ಯೋನ್ ಎಸೆದ ಚೆಂಡು ಹಿಡಿದವನು. ಈ ಬೆರಳು ನೋಡಿ — ಒಂದಾದರೂ ನೆಟ್ಟಗಿದೆಯೇ? ಇವೆಲ್ಲ ಅವನ ಕೊಡುಗೆ. ಸಾನ್ ಪೆದ್ರೊ ಊರಿಗೆಲ್ಲ ಅವನು ಎಡಚ. ನನಗೆ ಕೊಂಪಾದ್ರೆ. ಅವನ ಮಗಳಿಗೆ ಚರ್ಚಿನಲ್ಲಿ ಹೆಸರಿಟ್ಟಾಗ ಕೂಸನ್ನು ಎತ್ತಿಕೊಂಡಿದ್ದವನು ನಾನು, ಅವಳ ಧರ್ಮಪಿತ, ಪದ್ರಿನೊ.

ಈಗ ಒಳಗೆ ಬರುವಾಗ ಬಾಗಿಲಲ್ಲೇ ದೋನ್ ತೆಯೊದುಲೊ ನನ್ನ ತೋಳು ಹಿಡಿದರು. “ರೆಮಿಹಿಯೊ, ಬದುಕಿರೋ ಸಾಕ್ಷಿ ಅಂತ ಇರೋನು ನೀನೊಬ್ನೇ. ಜನರ ಮುಂದೆ ಒಂದೇ ಮಾತು ಹೇಳ್ಬಿಡು, ಚೆಂಡಲ್ಲಿ ಏನೂ ಮೋಸ ಇರ್ಲಿಲ್ಲ ಅಂತ. ಭಾನುವಾರ ಎಡಚನ ಪಟ ಕೀರ್ತಿಮಂದಿರದ ಗೋಡೆ ಮೇಲಿರುತ್ತೆ,” ಎಂದರು. ಯೊಸೆಲಿನ್ ಆಗಲೇ ಪಟಕ್ಕೆ ಕಟ್ಟು ಹಾಕಿಸಿದ್ದಾಳೆ. ಅಲ್ಲಿ, ಮೇಣದಬತ್ತಿಗಳ ಹಿಂದೆ ಇದೆ. “ಒಂದು ಮಾತು ಅಷ್ಟೇ, ಪದ್ರಿನೊ,” ಎಂದಳು ಅವಳು.

ಒಂದು ಮಾತು. ಆ ಬಾಗಿಲಿಗೆ ನೀವೆಲ್ಲ ಕುರ್ಚಿ ಹಾಕಿಕೊಂಡು ಕೂತಿದ್ದೀರಿ. ಈ ಬಾಗಿಲಲ್ಲಿ ಅಧ್ಯಕ್ಷರಿದ್ದಾರೆ. ಎದುರಿಗೆ ಅವನ ಮುಖ. ನಾನು ಎಲ್ಲಿಗೆ ಹೋಗಲಿ?

ಚಿಕ್ಕವರಿಗೆ ಗೊತ್ತಿರಲಿಕ್ಕಿಲ್ಲ, ಅದಕ್ಕೆ ಹೇಳುತ್ತೇನೆ. ಎಡಚ ಚೆಂಡೆಸೆದು ತೊಂಬತ್ತೊಂದು ಪಂದ್ಯ ಗೆದ್ದ ಪಿಚರ್. ಹಾಗಿದ್ದೂ ಕೀರ್ತಿಮಂದಿರದ ಸಮಿತಿ ಅವನನ್ನು ಮೂರು ಸಲ ಬೇಡ ಎಂದಿತು. ಕಾರಣ ಒಂದೇ. ಅವನ ಚೆಂಡು ದಾಂಡಿಗನ ಹತ್ತಿರ ನೆಟ್ಟಗೆ ಬಂದು, ಕೊನೇ ಗಳಿಗೆಯಲ್ಲಿ ಹೀಗೆ — ಹೀಗೆ ಕೆಳಗೆ ಜಾರುತ್ತಿತ್ತು. ಚೆಂಡಿನ ತೊಗಲಿಗೆ ಗೀರು ಬಿದ್ದರೆ ಅದು ಹಾಗೆ ಜಾರುತ್ತದೆ. ಬೇಕೆಂದೇ ಗೀರು ಹಾಕುವುದು ಮೋಸ. ಎದುರು ತಂಡದ ಪೊರ್ಫಿರಿಯೊ ಅದನ್ನು ಪತ್ರಿಕೆಯಲ್ಲಿ ಬರೆಸಿದ. ಆಮೇಲೆ ಕ್ಷೌರದಂಗಡಿಗೆ ಹೋದರೆ ಸಾಕು, “ಎಡಚ ಬಂದ, ಬ್ಲೇಡು ಗೀಡು ಎಲ್ಲ ಒಳಗಿಡ್ರಪ್ಪಾ,” ಅನ್ನುತ್ತಿದ್ದರು. ಇಲ್ಲಿ ಕೂತವರಲ್ಲೂ ಅಂದವರಿದ್ದೀರಿ. ತಲೆ ತಗ್ಗಿಸಬೇಡಿ, ನಾನೂ ಅಲ್ಲೇ ಕೂತು ನಗುತ್ತಿದ್ದೆ.

ಸಮಿತಿಯ ಮುಂದೆ ಅವನು ಮಗಳ ತಲೆಯ ಮೇಲೆ ಕೈಯಿಟ್ಟು ಆಣೆ ಮಾಡಿದ. ಸದಸ್ಯರು ಫ್ಯಾನು ನೋಡುತ್ತಾ ಕೂತರು. ಹೊರಗೆ ಬಂದು ಮೆಟ್ಟಿಲ ಮೇಲೆ ನನ್ನ ಪಕ್ಕ ಕುಸಿದ.

“ಕೊಂಪಾದ್ರೆ, ನಾನೇನು ಸುಳ್ಳು ಹೇಳ್ತಿದೀನಾ? ಚೆಂಡು ಹಿಡಿದವನು ನೀನು. ನೀನೇ ಹೇಳು.”

“ಇಲ್ಲ ಮಾರಾಯ. ನೀನು ಸುಳ್ಳು ಹೇಳ್ತಿಲ್ಲ.”

“ಹಾಗಾದ್ರೆ ಒಳಗೆ ಹೋಗಿ ಅವರಿಗೆ ಹೇಳು.”

ಹೋದೆ. “ಎಡಚ ಒಂದು ಸಲವೂ ಚೆಂಡಿಗೆ ಗೀರು ಹಾಕಿಲ್ಲ,” ಎಂದೆ. ಅಕ್ಷರಶಃ ನಿಜ. ಮೂರು ಸಲ ಹೋದೆ, ಮೂರು ಸಲವೂ ಅದೇ ಮಾತು. ಜಾಣ ನಾನು, ಅಲ್ಲವೇ?

ತಡೆಯಿರಿ. ಜೇಬಿನಲ್ಲಿ ಒಂದು ವಸ್ತು ಇದೆ, ತೆಗೆಯುತ್ತೇನೆ.

ಇದು ನನ್ನ ಮೊಣಕಾಲು ಕಾಪಿನ ಬಕಲು. ಅಂಚು ಮುಟ್ಟಿ ನೋಡಿ — ಬೇಡ, ಕೈ ಕುಯ್ಯುತ್ತದೆ. ಅರ ಹಿಡಿದು ಉಜ್ಜಿ ಉಜ್ಜಿ ಚೂಪು ಮಾಡಿದವನು ನಾನು. ಚೆಂಡು ಹಿಡಿಯುವುದು, ಏಳುವಾಗ ಅದನ್ನು ಬಕಲಿಗೆ ಒಂದು ಸಲ ಸವರುವುದು, ಎಡಚನಿಗೆ ವಾಪಸ್ ಎಸೆಯುವುದು. ಗೀರು ಹಾಕುತ್ತಿದ್ದವನು ನಾನು.

ದೋನ್ ತೆಯೊದುಲೊ, ದಯವಿಟ್ಟು ಕೂತುಕೊಳ್ಳಿ. ಮೈಕು ಆರಿಸಿದರೂ ನನ್ನ ಗಂಟಲು ಗಟ್ಟಿಯಿದೆ.

ಪಿಚರನಿಗೆ ಗೊತ್ತಾಗದೆ ಇರುತ್ತದೆಯೇ ಎಂದು ಕೇಳುತ್ತೀರಿ. ಬೇರೆ ಯಾರಿಗಾದರೂ ಬೆರಳು ತಾಗಿದ ಕೂಡಲೇ ಗೊತ್ತಾಗುತ್ತಿತ್ತು. ಆದರೆ ಎಡಚನ ಎರಡು ಬೆರಳಿನ ತುದಿ ಸತ್ತಿತ್ತು. ಹದಿನೇಳನೇ ವಯಸ್ಸಿಗೆ ಸಕ್ಕರೆ ಕಾರ್ಖಾನೆಯಲ್ಲಿ ಕುದಿಯುವ ಪಾಕ ಬಿದ್ದು ಸುಟ್ಟಿತ್ತು. ಚೆಂಡಿನ ಹೊಲಿಗೆಯನ್ನು ಕಣ್ಣಿನಿಂದ ನೋಡಿ ಹಿಡಿಯುತ್ತಿದ್ದ; ಮಣ್ಣು ಮೆತ್ತಿದ ತೊಗಲಿನಲ್ಲಿ ಸಣ್ಣ ಗೀರು ಕಣ್ಣಿಗೆ ಬೀಳುತ್ತಿರಲಿಲ್ಲ. ದೊನ್ಯಾ ಎನೇಯ್ದಾ, ಬಿಸಿ ಕಾಫಿ ಲೋಟ ಬರಿಗೈಯಲ್ಲಿ ಹಿಡಿಯುತ್ತಾನೆ ಎಂದು ನೀವು ಬಯ್ಯುತ್ತಿರಲಿಲ್ಲವೇ? ಅದೇ ಬೆರಳು. ಅದು ಗೊತ್ತಿದ್ದೇ ನನಗೆ ಧೈರ್ಯ ಬಂದದ್ದು.

ನಾವು ಜೊತೆಗೆ ಆಡಿದ ಆರನೇ ವರ್ಷ ಅವನು ಸಾಲಾಗಿ ನಾಲ್ಕು ಪಂದ್ಯ ಸೋತಿದ್ದ. “ಮುಂದಿನ ಭಾನುವಾರವೂ ಸೋತ್ರೆ ಮನೆಗೆ ಹೋಗ್ಲಿ,” ಎಂದ ತಂಡದ ಮೇಲ್ವಿಚಾರಕ. ಯೊಸೆಲಿನ್ ಆಗ ತಾಯಿಯ ಹೊಟ್ಟೆಯಲ್ಲಿದ್ದಳು. ಗೆಳೆಯನಿಗಾಗಿ ಮಾಡಿದೆ ಎಂದರೆ ಕೇಳಲು ಚೆನ್ನಾಗಿರುತ್ತದೆ. ಎಡಚ ನನ್ನ ಬಿಟ್ಟು ಇನ್ನೊಬ್ಬರಿಗೆ ಎಸೆಯುತ್ತಿರಲಿಲ್ಲ, ಆದ್ದರಿಂದಲೇ ನಾನು ತಂಡದಲ್ಲಿದ್ದೆ. ಅವನು ಹೋದರೆ ನಾನೂ ಹೋಗಬೇಕಿತ್ತು. ಭಯ ನನ್ನದು.

ಇನ್ನೂ ಕೆಟ್ಟದ್ದು ಹೇಳಬೇಕು. ಹತ್ತನೇ ವರ್ಷ ನನ್ನ ಪಕ್ಕೆಲುಬು ಮುರಿದು ಫೈನಲ್ ಪಂದ್ಯದಲ್ಲಿ ಹೊರಗೆ ಕೂತೆ. ಬೇರೆಯವನು ಹಿಡಿದ. ಬಕಲು ಇಲ್ಲ, ಗೀರು ಇಲ್ಲ. ಎರಡು — ಸೊನ್ನೆ, ಎಡಚ ಗೆದ್ದ. ಬೆವರು ಒರೆಸಿಕೊಳ್ಳುತ್ತಾ ನನ್ನ ಹತ್ತಿರ ಬಂದು, “ಯಾಕೋ ಇವತ್ತು ಚೆಂಡು ನನ್ನ ಮಾತೇ ಕೇಳ್ಲಿಲ್ಲ ಕೊಂಪಾದ್ರೆ. ಆದ್ರೂ ಗೆದ್ದೆ ನೋಡು,” ಎಂದು ನಕ್ಕ. ಅಂದರೆ ನನ್ನ ಬಕಲು ಇಲ್ಲದೆಯೂ ಅವನು ಗೆಲ್ಲಬಲ್ಲವನಾಗಿದ್ದ. ಅವತ್ತು ನನಗೆ ಅದು ತಿಳಿಯಿತು. ಪಕ್ಕೆಲುಬು ವಾಸಿಯಾದ ಮೇಲೆ ನಾನು ಮತ್ತೆ ಅದೇ ಕಾಪು ಕಟ್ಟಿಕೊಂಡೆ.

ಹಾಗಾದರೆ ಅವನು ಕೀರ್ತಿಮಂದಿರಕ್ಕೆ ಅರ್ಹನೇ? ತೊಂಬತ್ತೊಂದರಲ್ಲಿ ಅವನವು ಎಷ್ಟು, ನನ್ನ ಬಕಲಿನವು ಎಷ್ಟು? ದೇವರಾಣೆ ನನಗೆ ಗೊತ್ತಿಲ್ಲ. ಯಾರಿಗೂ ಇನ್ನು ಗೊತ್ತಾಗದ ಹಾಗೆ ಮಾಡಿಟ್ಟವನು ನಾನು. ಅವನು ಅರ್ಹ ಎಂದು ನನ್ನ ಮನಸ್ಸು ಹೇಳುತ್ತದೆ. ಆದರೆ ನನ್ನ ಮಾತಿಗೆ ಈಗ ಬೆಲೆ ಏನಿದೆ? ಪಟ ಹಾಕುವುದು ಬಿಡುವುದು ಸಮಿತಿಗೆ ಬಿಟ್ಟದ್ದು. ಹಾಕುವುದಾದರೆ ಕೆಳಗೆ ಈ ಬಕಲನ್ನೂ ನೇತುಹಾಕಿ, ರೆಮಿಹಿಯೊ ಪೊಲಾಂಕೊ ಎಂದು ಹೆಸರು ಬರೆಯಿರಿ. ಹಾಕದಿದ್ದರೂ, ನಾಳೆ ಕ್ಷೌರದಂಗಡಿಯಲ್ಲಿ ಎಡಚನನ್ನು ಮಾತ್ರ ಕಳ್ಳ ಅನ್ನಬೇಡಿ. ಅವನು ಮಾಡಿದ ಆಣೆ ಸತ್ಯ.

ಕೊನೆಯ ದಿನ ಆಸ್ಪತ್ರೆಯಲ್ಲಿ ಅವನು ಕೇಳಿದ್ದು ಒಂದೇ. “ನಾನು ಹೋದ್ಮೇಲಾದ್ರೂ ನಂಬ್ತಾರಾ?” “ನಂಬ್ತಾರೆ, ಸುಮ್ನೆ ಮಲಕ್ಕೋ,” ಎಂದೆ. ಬಕಲು ಆಗಲೂ ಜೇಬಿನಲ್ಲೇ ಇತ್ತು. ತೆಗೆಯಲು ಕೈ ಬರಲಿಲ್ಲ.

ಯೊಸೆಲಿನ್, ಇನ್ನು ಮೇಲೆ ನನ್ನನ್ನು ಪದ್ರಿನೊ ಎಂದು ಕರೆಯಲೇಬೇಕು ಅಂತಿಲ್ಲ. ಆದರೆ ಆ ದಿನ ನಿನ್ನ ತಲೆಯ ಮೇಲಿಟ್ಟ ಕೈ ಸುಳ್ಳು ಹೇಳಲಿಲ್ಲ ಮಗಳೇ.

ಈಗ ಎಲ್ಲರೂ ಏಳಿ. ದೊನ್ಯಾ ಎನೇಯ್ದಾ, ನಾನು ನಿಂತ ಕಡೆ ನಿಲ್ಲಲು ನಿಮಗೆ ಮನಸ್ಸಾಗದಿದ್ದರೆ ಕೂತೇ ಇರಿ, ಯಾರೂ ತಪ್ಪು ತಿಳಿಯುವುದಿಲ್ಲ. ಟೊಪ್ಪಿ ತೆಗೆಯಿರಿ. ಎಡಚನಿಗಾಗಿ ಒಂದು ನಿಮಿಷ ಮೌನವಾಗಿ ನಿಲ್ಲೋಣ. ಮೌನವಾಗಿರುವುದು ನನಗೆ ಚೆನ್ನಾಗಿ ಬರುತ್ತದೆ. ಇಷ್ಟು ವರ್ಷ ನನಗಾಗಿ ಇದ್ದೆ. ಈ ಒಂದು ನಿಮಿಷ ಅವನಿಗಾಗಿ ಇರುತ್ತೇನೆ.