ಇಂಜಿನ್ ನಿಲ್ಲಿಸಿದ ಕ್ಯಾಪ್ಟನ್

ಅಧ್ಯಕ್ಷರೇ, ಇಂದು ನಿವೃತ್ತರಾಗುತ್ತಿರುವ ಕ್ಯಾಪ್ಟನ್ ಹಾಲ್ದಿಸ್ ರೊನ್ನೆವಿಕ್ ಅವರೇ, ಅವರ ಜಾಗಕ್ಕೆ ಬರಲಿರುವ ಟೊರಾಲ್ಫ್ ಅವರೇ, ಟ್ರೊಮ್ಸೊ ಬಂದರಿನ ಗೆಳೆಯರೇ, ಸಭಿಕರೇ,

ನಾಲ್ಕು ಒಳ್ಳೆಯ ಮಾತಾಡಿ ಬೇಗ ಮುಗಿಸಿ ಎಂದಿದ್ದಾರೆ. ಹಿಂದೆ ಮೀನಿನ ಸಾರು ಕುದಿಯುತ್ತಿದೆ, ಅದರ ವಾಸನೆ ನನಗೂ ಬರುತ್ತಿದೆ. ಆದರೆ ಒಮ್ಮೆ ಇದೇ ಹಾಲ್ದಿಸ್ ಅವರ ತೋಳು ಹಿಡಿದು ಎಳೆದಾಡಿದವನು ನಾನು. ಅದನ್ನು ಬಿಟ್ಟು ಬೇರೇನು ಹೇಳಲಿ?

ಸ್ವಾಲ್ಬಾರ್ಡ್ ದ್ವೀಪಗಳ ಉತ್ತರಕ್ಕೆ, ಸಮುದ್ರ ಹೆಪ್ಪುಗಟ್ಟಿದ ಕಡೆ ನಮ್ಮ ಕೆಲಸ. ಹಿಮಹಾಸಿನಲ್ಲಿ ರಂಧ್ರ ಕೊರೆದು, ಹಗ್ಗಕ್ಕೆ ಕಟ್ಟಿದ ಮಾಪಕವನ್ನು ಆಳಕ್ಕೆ ಇಳಿಸಿ, ನೀರು ಎಷ್ಟು ಬಿಸಿ, ಎಷ್ಟು ಉಪ್ಪು ಎಂದು ಅಳೆಯುವುದು. ಆಳದ ಬೆಚ್ಚನೆಯ ಉಪ್ಪುನೀರು ಮೇಲೇರುತ್ತಿದೆಯೇ? ಏರಿದರೆ ಹಿಮ ಅಡಿಯಿಂದಲೇ ಕರಗುತ್ತದೆ. ಅದನ್ನು ತಿಳಿಯಲು ಅಷ್ಟು ದೂರ ಹೋಗಿದ್ದೆವು. ಹಗ್ಗ ಹಿಡಿದಿದ್ದವಳು ನನ್ನ ಮಗಳು ಸುನ್ನಿವಾ.

ಗಾಳಿ ತಿರುಗಿತು. ಕ್ಯಾಪ್ಟನ್ ಎಲ್ಲರನ್ನೂ ವಾಪಸು ಕರೆದರು. ಉಳಿದವರು ಹಡಗು ಹತ್ತಿದರು. ಸುನ್ನಿವಾ ಮಾಪಕವನ್ನು ಮೇಲೆಳೆಯುತ್ತಾ ಹಿಂದುಳಿದಳು. ಅಷ್ಟರಲ್ಲಿ ಹಾಸು ಬಿರಿಯಿತು. ನಮಗೂ ಅವಳಿಗೂ ನಡುವೆ ಕಪ್ಪು ನೀರು ಅಗಲವಾಗುತ್ತಾ ಹೋಯಿತು. ಅವಳು ನಿಂತಿದ್ದ ತುಂಡು ಎಷ್ಟಿತ್ತು ಗೊತ್ತೇ? ಈ ವೇದಿಕೆಯಷ್ಟೇ.

ನಾನು ಮೇಲೆ, ಕ್ಯಾಪ್ಟನ್ ಹಡಗು ನಡೆಸುವ ಕೋಣೆಗೆ ಓಡಿದೆ. ಹಾಲ್ದಿಸ್ ಹಡಗನ್ನು ಗಾಳಿ ಬೀಸಿ ಬರುತ್ತಿದ್ದ ಕಡೆಗೆ ಸುತ್ತಿಸಿ ತಂದು, ಇಂಜಿನ್ ನಿಲ್ಲಿಸಿಬಿಟ್ಟರು. ನಿಲ್ಲಿಸಿಬಿಟ್ಟರು, ಸ್ವಾಮಿ!

"ಮುಂದಕ್ಕೆ ಬಿಡಿ. ಅಲ್ಲಿರೋದು ನನ್ನ ಮಗಳು," ಎಂದು ತೋಳಿಗೆ ಕೈ ಹಾಕಿದೆ.

"ಗೊತ್ತು. ಅದಕ್ಕೇ ನಿಲ್ಸಿದ್ದು. ಪ್ರೊಪೆಲ್ಲರ್ ತಿರುಗಿದ್ರೆ ಆ ಹಿಮ ಪುಡಿಯಾಗತ್ತೆ. ಗಾಳಿನೇ ನಮ್ಮನ್ನ ತಳ್ಳಲಿ. ಕೈ ತೆಗೀರಿ."

ಆಮೇಲೆ ರೇಡಿಯೋದಲ್ಲಿ, ಊಟಕ್ಕೆ ಕರೆಯುವ ದನಿಯಲ್ಲಿ, "ಸುನ್ನಿವಾ, ಹಗ್ಗ ಬಿಟ್ಟು ಕೂತ್ಕೊಳಮ್ಮ," ಎಂದರು.

"ಇನ್ನೊಂಚೂರು ಎಳೆದ್ರೆ ಬಂದ್ಬಿಡತ್ತೆ."

"ಬಿಡು ಅಂದೆ."

ಬಿಟ್ಟಳು. ಮಾಪಕ ಮುಳುಗಿತು. ನಾವು ಕಾದೆವು. ಗಾಳಿಗೆ ಸಿಕ್ಕ ಹಡಗು ಅಂಗುಲ ಅಂಗುಲವಾಗಿ ಸರಿಯಿತು. ನಾನು ಕಾಣುವ ದೇವರನ್ನೂ ಕಾಣದ ದೇವರನ್ನೂ ಬೈದೆ. ಕೊನೆಗೆ ಕ್ರೇನಿನ ಬುಟ್ಟಿ ಅವಳ ಪಕ್ಕಕ್ಕೆ ಇಳಿಯಿತು. ಅವಳ ಕಾಲು ಮೇಲೆದ್ದ ಕೂಡಲೇ ಆ ತುಂಡು ಮಗುಚಿಕೊಂಡಿತು.

ಮೇಲೆ ಬಂದ ಮಗಳು ನನ್ನತ್ತ ನೋಡಲೂ ಇಲ್ಲ. ಕ್ಯಾಪ್ಟನ್ ಮುಂದೆ ನಿಂತು, "ಮಾಪಕ ಹೋಯ್ತು," ಎಂದು ಅತ್ತಳು.

"ಇನ್ನೊಂದಿದ್ಯಲ್ಲ. ಗಾಳಿ ನಿಂತ ಮೇಲೆ ಇಳಿಸು."

ಅವಳನ್ನು ಮತ್ತೆ ಕಳಿಸಬೇಡಿ ಎಂದು ನಾನು ಬೇಡಿಕೊಂಡೆ. ಕ್ಯಾಪ್ಟನ್ ಗಟ್ಟಿಯಾದ ಹಾಸು ಹುಡುಕಿ ಕಳಿಸಿಯೇ ಕಳಿಸಿದರು. ಬೆಚ್ಚನೆಯ ನೀರು ನಾವು ಹೆದರಿದ್ದಕ್ಕಿಂತ ಮೇಲೆ ಬಂದಿತ್ತು. ಅಳೆದು ತಂದವಳು ಅವಳು. ನಾನಾಗಿದ್ದರೆ ಅವಳನ್ನು ಕೋಣೆಯಲ್ಲಿ ಕೂಡಿಹಾಕುತ್ತಿದ್ದೆ. ಇದನ್ನು ಹೇಳಬೇಕೆಂದು ಬಂದಿರಲಿಲ್ಲ, ಬಾಯಿಗೆ ಬಂದುಬಿಟ್ಟಿತು.

ಟೊರಾಲ್ಫ್ ಅವರೇ, ಬರುವ ವಾರ ನೀವು ಹೊರಡುವಾಗ ಸುನ್ನಿವಾಳೂ ಹಡಗಿನಲ್ಲಿರುತ್ತಾಳೆ. ಇಲ್ಲಿಂದ ನಾನು ಫೋನ್ ಮಾಡುತ್ತೇನೆ, ಮಾಡದೆ ಇರಲಾರೆ. ದಯವಿಟ್ಟು ನನ್ನ ಮಾತು ಕೇಳಬೇಡಿ.

ಇಷ್ಟು ಹೊತ್ತು ಸಾರನ್ನು ಕುದಿಯಲು ಬಿಟ್ಟು ಕೂತ ನಿಮಗೆಲ್ಲ ಕೃತಜ್ಞತೆಗಳು. ಹಾಲ್ದಿಸ್, ನಿಮಗೆ ಎದ್ದು ನಿಂತು ನಮಸ್ಕಾರ.