ಆರನೆಯ ಗುಮಟೆ

ವರ್ಷಕ್ಕೆ ನಾಲ್ಕು ದಿನ ಬೀಳುವ ಕುವೈತಿನ ಮಳೆ ಸರಿಯಾಗಿ ಆ ಶುಕ್ರವಾರ ಮಧ್ಯಾಹ್ನವೇ ಅಬ್ದಲಿ ಎಂಬ ಊರಿನ ತೋಟದ ಮೇಲೆ ಬೀಳಬೇಕೇ? ಮೇವು ತುಂಬುವ ತಗಡಿನ ಶೆಡ್ಡನ್ನು ಎರಡು ದಿನಕ್ಕೆ ಹಿಡಿದು, ಗುಡಿಸಿ, ಬಣ್ಣದ ಕಾಗದ ಕಟ್ಟಿ, ಹಾಡು ಕುಣಿತಕ್ಕೆಂದು ಕರಾವಳಿಯವರು ನೂರು ಜನ ಸೇರಿದ್ದರು. ಮಕ್ಕಳು ಮೇವಿನ ಕಟ್ಟುಗಳ ಮೇಲಿಂದ ಹಾರುತ್ತಿದ್ದರು, ದೊಡ್ಡವರ ಕಾಲು ಆಗಲೇ ತಾಳ ಹಾಕುತ್ತಿತ್ತು. ಆದರೆ ಗುಮಟೆ ಏಳಲಿಲ್ಲ. ಮಣ್ಣಿನ ಮಡಕೆಯ ಬಾಯಿಗೆ ಆಡಿನ ಚರ್ಮ ಬಿಗಿದ ವಾದ್ಯ ಅದು; ಥಂಡಿ ತಾಗಿದರೆ ಚರ್ಮ ಜೋತುಬೀಳುತ್ತದೆ, ಕೆಂಡಕ್ಕೆ ಹಿಡಿದು ಕಾಯಿಸದಿದ್ದರೆ ಒದ್ದೆ ರಟ್ಟು ಬಡಿದ ಹಾಗೆ ಕೇಳುತ್ತದೆ. ಇದ್ದಿಲಿನ ಚೀಲವೋ ಹೊರಗೆ ನೆನೆದು ಹೋಗಿತ್ತು.

ಗೋಡೆಯ ಪಕ್ಕ ಆರು ಸ್ಟೂಲು. ಐದರಲ್ಲಿ ಗಂಡಸರು. ಆರನೆಯದರ ಮೇಲೆ ಬರೀ ಗುಮಟೆ, ಡೆಲ್ಮಾಳ ಅಪ್ಪ ಮೋರಿಸನದು. ಅವನು ಸತ್ತು ಒಂಬತ್ತು ವರ್ಷ. ಜಹ್ರಾ ಪೇಟೆಯ ಕ್ಲಿನಿಕ್ಕಿನಲ್ಲಿ ಕೆಲಸ ಮಾಡುವ ಡೆಲ್ಮಾ ಅಡುಗೆಮನೆಯ ಪಾತ್ರೆ ಬಡಿದೇ ಬಾರಿಸಲು ಕಲಿತವಳು. ಇವತ್ತು ಅಪ್ಪನ ಗುಮಟೆ ಬಾರಿಸಿಯೇ ಸಿದ್ಧ ಎಂದು ಬಂದರೆ, ತಂಡದ ಹಿರಿಯ ರುಡಾಲ್ಫ್ ಮಾಮ್ ಬೇಡ ಎಂದುಬಿಟ್ಟರು.

“ಹುಡುಗಿ ಅಂತ ಅಲ್ವಾ ಮಾಮ್? ಸೀದಾ ಹೇಳಿ.”

“ಹುಡುಗಿಯೇ ವಾಸಿ, ನಿಮ್ಮ ಐದು ಜನರ ಬಡಿತ ಕೇಳಿ ಕೇಳಿ ಸಾಕಾಗಿದೆ,” ಎಂದರು ಚಾ ಹಂಚುತ್ತಿದ್ದ ಕುಸುಮಾವತಿ ಅಕ್ಕ. ಶೆಡ್ಡಿಡೀ ನಕ್ಕಿತು. ರುಡಾಲ್ಫ್ ಮಾಮ್ ನಗದೆ ಎಲ್ಲರನ್ನೂ ಕೈಬೀಸಿ ಕರೆದರು.

“ಬನ್ನಿ, ಹತ್ತಿರ ಕೂತ್ಕೊಳ್ಳಿ. ಎಲ್ಲರಿಗೂ ಅರ್ಥ ಆಗ್ಲಿ, ಕೊಂಕಣಿ ಬೇಡ, ಕನ್ನಡದಲ್ಲೇ ಹೇಳ್ತೇನೆ... ಒಂಬತ್ತು ವರ್ಷ ಹಿಂದೆ, ಇದೇ ಶೆಡ್ಡು ಮಾರಾಯ್ರೇ, ಇಂಥದ್ದೇ ಮಳೆ, ಇದ್ದಿಲು ಹೀಗೆಯೇ ಒದ್ದೆ. ಗುಮಟೆ ಕಾಯಿಸುವವ ಯಾರು? ಮೋರಿಸ್. ಬೇರೆಯವ ಮುಟ್ಟಿದ್ರೆ ಕೈಗೆ ಹೊಡೀತಿದ್ದ. ಕಾಯದ ಚರ್ಮಕ್ಕೆ ಕೈ ಹಾಕ್ಬೇಡಿ, ಜಹ್ರಾದಿಂದ ಇದ್ದಿಲು ತರ್ತೇನೆ ಅಂತ ಪಿಕಪ್ ತಕೊಂಡು ಹೋದ. ಜನ ಕೇಳ್ತಾರಾ? ಶೀಟಿ, ಚಪ್ಪಾಳೆ... ನನಗೆ ತಲೆ ಬಿಸಿ. ಫೋನ್ ಮಾಡಿದೆ. ಯಲ್ಲಾ ಮೋರಿಸ್, ಬೇಗ ಬಾ. ಒಂದು ಸಲ ಅಲ್ಲ, ಮೂರು ಸಲ. ಮೂರನೇ ಸಲ ಬೈದೆ ಕೂಡ...

“ಮತ್ತೆ ಎಂತ ಆಯ್ತು ಗೊತ್ತುಂಟಾ? ಇನ್ನು ಕಾದು ಆಗುದಿಲ್ಲ ಅಂತ ನಾನು ನನ್ನ ಗುಮಟೆಗೆ ಕೈ ಇಟ್ಟೆ. ಸುಟ್ಟಿತು. ಐದೂ ಗುಮಟೆ ಬಿಸಿ, ಬಿಗಿ, ಬೆರಳು ತಾಗಿದ್ರೆ ಸಾಕು ಮಾತಾಡ್ತದೆ... ಬೆಂಕಿ ಎಲ್ಲುಂಟು? ಕಡ್ಡಿ ಗೀರಿದವರಿಲ್ಲ. ತಿರುಗಿ ನೋಡಿದ್ರೆ ಆರನೇ ಸ್ಟೂಲಲ್ಲಿ ಮೋರಿಸ್. ತಲೆ ಬಗ್ಗಿಸಿ ಕೂತಿದ್ದಾನೆ, ಅಂಗಿಯಿಂದ ನೀರು ಇಳೀತಾ ಉಂಟು. ಎಂತ, ಇಷ್ಟು ಹೊತ್ತಾ ಅಂತ ಕೇಳಿದೆ. ಅವ ಸೀದಾ ಬಾರಿಸ್ಲಿಕ್ಕೆ ಶುರು ಮಾಡಿದ. ಆಹಾ, ಎಂಥಾ ಬಾರಿಸಿದ ಅಂತೀರಿ... ನೂರು ಜನ ಸುತ್ತು ಕಟ್ಟಿ ಕುಣಿದ್ರು, ತಗಡು ನಡುಗಿತು, ನನ್ನ ಜನ್ಮದಲ್ಲಿ ಅಂಥ ಕುಣಿತ ನೋಡಿಲ್ಲ. ಆಗ ಬಂತು ಫೋನು. ಪೊಲೀಸ್. ಪಿಕಪ್ ಪಲ್ಟಿಯಾಗಿ ಒಂದು ಗಂಟೆ ಆಯ್ತಂತೆ. ಅವನ ಫೋನಿಗೆ ಕೊನೆಗೆ ಬಂದ ನಂಬರು ನಂದಂತೆ... ಸ್ಟೂಲ್ ನೋಡಿದೆ. ಗುಮಟೆ ಮಾತ್ರ ಇತ್ತು.”

ಅವರು ಡೆಲ್ಮಾಳ ಕಡೆ ತಿರುಗಿದರು. “ಆ ಮೂರು ಫೋನಿನ ಸಂಗತಿ ನಿನ್ನ ಅಮ್ಮನಿಗೂ ಹೇಳಿಲ್ಲ ಮಗಾ. ಆ ಜಾಗ ಇನ್ನೊಬ್ಬರಿಗೆ ಕೊಡ್ಲಿಕ್ಕೆ ನನಗೆ ಯಾವ ಮುಖ?”

ಡೆಲ್ಮಾಳಿಗೆ ಬೈಯಬೇಕು ಎನಿಸಿತು, ಅಳಬೇಕು ಎನಿಸಿತು. ಎರಡಕ್ಕಿಂತ ಹೆಚ್ಚಾಗಿ ಕೈ ತುರಿಸುತ್ತಿತ್ತು.

“ಇನ್ನೊಬ್ಬಳಲ್ಲ ಮಾಮ್. ಅಪ್ಪನ ಮಗಳು.”

ಎದ್ದವಳೇ ಸಾಲಿನ ಐದು ಗುಮಟೆಗಳನ್ನು ತಟ್ಟುತ್ತಾ ಹೋದಳು. ಥಪ್, ಥಪ್... ಬರೀ ಒದ್ದೆ ರಟ್ಟು. ಆರನೆಯದಕ್ಕೆ ಬೆರಳು ತಾಗಿತಷ್ಟೆ, ಘುಂ ಎಂದು ಶೆಡ್ಡಿಡೀ ಮೊಳಗಿತು. ಕೈ ಚುರ್ರೆಂದಿತು. ಮಕ್ಕಳು ಕೇಕೆ ಹಾಕಿದರು, ಜನ ಎದ್ದು ಸುತ್ತು ಕಟ್ಟಿದರು. ಡೆಲ್ಮಾ ಗುಮಟೆಯನ್ನು ಎದೆಗೆ ಎತ್ತಿಕೊಂಡು ಸ್ಟೂಲಿನ ಮೇಲೆ ಇನ್ನೇನು ಕೂರಬೇಕು, ರುಡಾಲ್ಫ್ ಮಾಮ್ ಅವಳ ಮೊಣಕೈ ಹಿಡಿದರು. ಅವರು ಅವಳನ್ನು ನೋಡುತ್ತಿರಲಿಲ್ಲ. ಸ್ಟೂಲಿನ ಮೇಲೆ, ಕೂತ ಮನುಷ್ಯನ ಮುಖ ಇರುವಷ್ಟು ಎತ್ತರದಲ್ಲಿ ನೋಡುತ್ತಿದ್ದರು.

“ಬಾರಿಸು ಮಗಾ, ಇನ್ನು ಬೇಡ ಅನ್ನುದಿಲ್ಲ,” ಎಂದರು ಮೆಲ್ಲಗೆ. “ಆದ್ರೆ ಕೂತ್ಕೊಳ್ಳುವ ಮೊದಲು... ಸ್ವಲ್ಪ ಎದ್ದೇಳ್ಲಿಕ್ಕೆ ಅಪ್ಪನಿಗೆ ಹೇಳು.”