ಮೊದಲ ತುತ್ತಿನ ಅನುಮಾನ

ಒಂದಾನೊಂದು ಊರು, ಅಲ್ಲೊಬ್ಬ ಶ್ರೀಮಂತ. ಎಷ್ಟು ಶ್ರೀಮಂತ? ಗೋಡೆಯಷ್ಟಗಲ ಟಿ.ವಿ. ಇತ್ತು ಎಂದರೆ ಸಾಕಲ್ಲ.

ಅದರಲ್ಲಿ ಅವನು ದಿನವೂ ಒಂದು ಧಾರಾವಾಹಿ ನೋಡುತ್ತಿದ್ದ. ಹಿಂದಿನ ಕಾಲದ ಪೊಲೀಸರ ಕಥೆ. ಕೊಲೆಗಾರನ ಮನಸ್ಸನ್ನು ಓದುವ ವಿದ್ಯೆ ಇನ್ನೂ ಹುಟ್ಟುತ್ತಿದ್ದ ಕಾಲ. ಇಬ್ಬರು ಅಧಿಕಾರಿಗಳು ಜೈಲಿಗೆ ಹೋಗಿ, ಕೊಲೆಗಾರನ ಎದುರು ಕುಳಿತು, ‘ಯಾಕಪ್ಪಾ ಹೀಗೆ ಮಾಡಿದೆ?’ ಎಂದು ಕೇಳುತ್ತಾರೆ. ಗಂಟೆಗಟ್ಟಲೆ ಕೇಳಿಸಿಕೊಳ್ಳುತ್ತಾರೆ. ಹಾಗೆ ಕೇಳಿ ಕೇಳಿ, ಇಂಥ ಕೃತ್ಯ ಮಾಡುವವನು ಇಂಥ ಸ್ವಭಾವದವನು ಎಂದು ಗುರುತಿಸಲು ಕಲಿಯುತ್ತಾರೆ.

ನಮ್ಮ ಶ್ರೀಮಂತ ಏನು ಕಲಿತ? ಗುರುತಿಸುವುದನ್ನು ಕಲಿತ. ಕೇಳುವುದನ್ನು? ನೋಡಿ, ಆ ಭಾಗ ಬಂದಾಗ ರಿಮೋಟ್ ಒತ್ತಿ ಮುಂದಕ್ಕೆ ಓಡಿಸುತ್ತಿದ್ದ. ಬರೀ ಮಾತು, ಬೇಸರ!

ಹಾಲಿನವನು ಎರಡು ಸಲ ಕೆಮ್ಮಿದರೆ ಅವನಿಗೆ ಅದು ಸಂಕೇತ. ಅಳಿಯ ನಕ್ಕರೆ ಸಂಚು. ಕೊನೆಗೆ ಕಣ್ಣು ಬಿದ್ದದ್ದು ಅಡುಗೆಯಾಕೆಯ ಮೇಲೆ. ಮಿತಭಾಷಿ. ಬಡಿಸಿ ಬಾಗಿಲ ಬಳಿ ನಿಲ್ಲುತ್ತಾಳೆ. ಮೊದಲ ತುತ್ತು ಇಳಿಯುವ ತನಕ ಯಜಮಾನನ ಮುಖವನ್ನೇ ನೋಡುತ್ತಾಳೆ.

‘ವಿಷ ಹಾಕೋರ ಲಕ್ಷಣ ಕಣೇ ಇದು!’ ಎಂದ ಹೆಂಡತಿಗೆ.

‘ಹಾಕೋದಿದ್ರೆ ಇಷ್ಟು ವರ್ಷ ಯಾಕ್ರೀ ಕಾಯ್ತಿದ್ಲು?’

‘ತಾಳ್ಮೆ! ಅದೇ ಎಲ್ಲಕ್ಕಿಂತ ಅಪಾಯದ ಲಕ್ಷಣ!’

ಒಂದು ಮಧ್ಯಾಹ್ನ, ಮನೆ ತುಂಬ ನೆಂಟರು. ಅವನು ಒಂದು ತುತ್ತು ತಿಂದ, ಎದ್ದು ನಿಂತ. ‘ರುಚಿ ಬೇರೆ ಇದೆ! ಏಯ್, ಈ ಸಾರು ಹಾಕ್ಕೊಂಡು ಎಲ್ಲರ ಮುಂದೆ ನೀನೇ ಉಣ್ಣು.’

ಆಕೆಯ ಕೈ ನಡುಗಿತು. ‘ನೋಡಿದ್ರಾ, ನಡುಕ!’ ಎಂದ. ನಡುಗದೆ ಇರುತ್ತದೆಯೇ? ವಿಷ ಹಾಕುವವಳು ಎಂಬ ಮಾತು ಹೊರಬಿದ್ದರೆ ಆ ಊರಿನಲ್ಲಿ ಅವಳನ್ನು ಅಡುಗೆಗೆ ಯಾರು ಕರೆಯುತ್ತಾರೆ? ಆಕೆ ಬೇರೆ ತಟ್ಟೆಗೆ ಅನ್ನ ಹಾಕಿ, ಅದೇ ಸಾರು ಸುರಿದುಕೊಂಡು, ಪೂರ್ತಿ ಉಂಡಳು. ಏನೂ ಆಗಲಿಲ್ಲ.

‘ಮತ್ತೆ ದಿನಾ ನನ್ನ ಮುಖ ಯಾಕೆ ನೋಡ್ತಿದ್ದೆ?’

‘ಅಡುಗೆ ಹೆಂಗಿದೆ ಅಂತ ಒಂದಿನನಾದ್ರೂ ಹೇಳಿದ್ದೀರಾ ಯಜಮಾನ್ರೆ? ಮುಖ ನೋಡೇ ತಿಳ್ಕೋಬೇಕಿತ್ತು. ಇವತ್ತು ಉಪ್ಪು ಕಮ್ಮಿ ಆಗಿದೆ. ಅಷ್ಟು ಹೇಳಬಾರದಿತ್ತಾ?’

ಕೈ ತೊಳೆದುಕೊಂಡು ಹೋದಳು. ಮತ್ತೆ ಬರಲಿಲ್ಲ.

ನಗುತ್ತಿದ್ದೀರಿ. ನಗಿ. ಆದರೆ ಹೇಳಿ, ಕೊಲೆಗಾರನಿಗೆ ಸಿಕ್ಕಿದ ಆ ಒಂದು ‘ಯಾಕಪ್ಪಾ’ ನಿಮ್ಮ ಮನೆಯಲ್ಲಿ ಸೊಸೆಗೆ ಸಿಕ್ಕಿದೆಯೇ? ತಡವಾಗಿ ಬಂದ ಮಗನಿಗೆ? ನನ್ನ ಮಾತು ಖಾರವಾಯಿತೇನೋ, ಕ್ಷಮಿಸಿ. ಆದರೂ ಹೇಳದೆ ಇರಲಾರೆ. ಇವತ್ತು ಊಟಕ್ಕೆ ಕೂತಾಗ ಟಿ.ವಿ. ಆರಿಸಿ. ಬಡಿಸಿದವರಿಗೆ ಹೇಗಿದೆ ಎಂದು ಬಾಯಿಬಿಟ್ಟು ಹೇಳಿ. ಯಾರ ಮೇಲಾದರೂ ಅನುಮಾನವಿದ್ದರೆ ಅವರನ್ನೇ ಕೇಳಿ, ಅವರು ಹೇಳಿ ಮುಗಿಸುವ ತನಕ ಸುಮ್ಮನಿರಿ. ಬಾಯಲ್ಲಿ ಅನ್ನವಿರುತ್ತದೆ, ಅಷ್ಟೇನೂ ಕಷ್ಟವಾಗಲಾರದು.